ಕಾಮೆಂಟ್ರಿ ಕಾಕಾ ಸುಮ್ಮನೆ ಊಟಕ್ಕೆ ಕುಳಿತದ್ದು

ಕಾಕಾ ತೀರಿಕೊಂಡ ಮರುದಿನ ಬೆಳಿಗ್ಗೆ ಎದುರುಮನೆಯ ಕುಕ್ಕರಿನ ಸೀಟಿ ನನಗೆ ಮೊದಲ ಸಲ ಕೇಳಿಸಿತು. ಇಷ್ಟು ವರ್ಷವೂ ಅದು ಕೂಗುತ್ತಲೇ ಇದ್ದಿರಬೇಕು. ಕಾಕಾನ ಗಂಟಲಿನ ಮುಂದೆ ಪಾಪ, ಕುಕ್ಕರಿನ ಆಟ ಏನು ನಡೆಯುತ್ತದೆ! ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕುಳಿತರೆ ಅಳುವ ಮಾತು ಒಂದೂ ಮುಂದೆ ಬರಲೊಲ್ಲದು. ಅವರನ್ನು ನೆನೆದರೆ ಸಾಕು, ಎದ್ದು ನಿಂತು ಕೂಗಬೇಕು ಅನಿಸುತ್ತದೆ ನನಗೆ. ಹಾಗಾಗಿ ಕೂಗುತ್ತಲೇ ಬರೆಯುತ್ತೇನೆ, ಓದುವವರು ಕ್ಷಮಿಸಬೇಕು.

ಬೈಲಹೊಂಗಲದ ಪೇಟೆಯಲ್ಲಿ ಅವರದೊಂದು ಸಣ್ಣ ಅಂಗಡಿ. ಹಗ್ಗ, ಮೂಗುದಾರ, ಎತ್ತಿನ ಕೊರಳ ಗೆಜ್ಜೆ, ಕೋಡಿಗೆ ಕಟ್ಟುವ ಗೊಂಡೆ, ಇಂಥವನ್ನೆಲ್ಲ ಮಾರುತ್ತಿದ್ದರು. ಆದರೆ ಯಾರೂ ಅವರನ್ನು ಅಂಗಡಿಯವರು ಎಂದು ಕರೆದದ್ದು ನಾನು ಕೇಳಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ಸುತ್ತಿನಲ್ಲಿ ಎಲ್ಲಿ ಕುಸ್ತಿ ನಡೆದರೂ ಮೈಕು ಅವರ ಕೈಯಲ್ಲೇ. ಯಾವ ಪೈಲವಾನ ಯಾವ ಊರವನು, ಯಾರ ಮಗ, ಯಾವ ಪಟ್ಟಿನಲ್ಲಿ ಗಟ್ಟಿ, ಎಲ್ಲ ಅವರ ನಾಲಿಗೆಯ ತುದಿಯಲ್ಲಿ. ಹೀಗಾಗಿ ಸಣ್ಣವರಿಗೂ ದೊಡ್ಡವರಿಗೂ ಅವರು ಕಾಮೆಂಟ್ರಿ ಕಾಕಾ.

ಅವರ ಒಂದು ರೀತಿ ನನಗೆ ಬಹಳ ಹಿಡಿಸುತ್ತಿತ್ತು. ಗೆದ್ದವನ ಹೆಸರನ್ನು ಒಂದು ಸಲ ಕೂಗಿದರೆ, ಸೋತವನ ಹೆಸರನ್ನು ಅವನ ಊರು, ಅವನ ಅಪ್ಪನ ಹೆಸರು ಎಲ್ಲ ಸೇರಿಸಿ ಎರಡು ಸಲ ಕೂಗುತ್ತಿದ್ದರು. ಯಾಕೆಂದು ಒಮ್ಮೆ ಕೇಳಿದೆ.

“ಬಿದ್ದಾಂವನೂ ಮನಿಗೆ ಹೋಗಬೇಕಲ್ಲವಾ,” ಎಂದರು. “ಬರಿಗೈಲೇ ಹ್ಯಾಂಗ ಹೋಗ್ಬೇಕ ಆಂವಾ?”

ಕುಸ್ತಿ ಇಲ್ಲದ ದಿನ ಆ ಬಾಯಿ ಸುಮ್ಮನಿರುತ್ತಿತ್ತು ಎಂದುಕೊಳ್ಳಬೇಡಿ. ಹಾಲು ಉಕ್ಕಿದರೆ ಕಾಮೆಂಟ್ರಿ, ಬಸ್ಸು ತಿರುಗಿದರೆ ಕಾಮೆಂಟ್ರಿ. ಮೊದಲು ಎಡಗೈಯಿಂದ ತಮ್ಮ ಎದೆಯನ್ನೇ ಮೈಕಿನಂತೆ ತಟ್ಟಿ “ಹಲೋ, ಹಲೋ” ಎನ್ನುವುದು, ಆಮೇಲೆ ಶುರು. ಒಂದು ಸಲ ಓಣಿಯಲ್ಲಿ ಕರೆಂಟು ಹೋಗಿ ಲೈನ್‌ಮನ್ ಕಂಬ ಹತ್ತುತ್ತಿದ್ದ. ಕಾಕಾ ಕೆಳಗೆ ನಿಂತು, “ಎಡಗಾಲ ಊರಿದ್ನ್ರೀ! ಬಲಗೈ ಹಾಕಿದ್ನ್ರೀ! ಇನ್ನೊಂದ ಮೊಳ ಐತ್ರೀ!” ಎಂದು ಶುರು ಹಚ್ಚಿಕೊಂಡರು. ಅರ್ಧ ಹತ್ತಿದವನು ಕೆಳಗಿಳಿದು ಬಂದು ಕೈ ಮುಗಿದ. “ಕಾಕಾ, ನೀವ ಒಳಗ ಹೋಗೂತನಕಾ ನಾ ಏರಂಗಿಲ್ರಿ,” ಎಂದ. ಎಂ.ಕೆ. ಹುಬ್ಬಳ್ಳಿಯ ಒಂದು ಮದುವೆಯಲ್ಲಂತೂ ಊಟದ ಪಂಕ್ತಿಗೆ ಇವರು ಕಾಮೆಂಟ್ರಿ ಹೇಳಿ ಬಡಿಸುವ ಹುಡುಗರಿಗೆ ಹುರುಪು ಹತ್ತಿ, ಎರಡನೇ ಪಂಕ್ತಿಗೆ ಬೀಗರು ಕೂಡುವ ಮೊದಲೇ ಹೋಳಿಗೆಯ ಪಾತ್ರೆ ಬರಿದಾಗಿತ್ತು.

“ಇವರ ಮಾತ ಒಂದ ತಾಸ ನಿಂತ್ರ ನಾ ಡಾಕ್ಟರಿಗೆ ಫೋನ್ ಹಚ್ಚತೇನಿ,” ಎಂದು ಅವರ ಹೆಂಡತಿ, ನಮ್ಮ ಕಾಕು, ಎಲ್ಲರೆದುರೇ ಹೇಳುತ್ತಿದ್ದರು.

ಇಂಥವರ ಪಕ್ಕದ ಮನೆಗೆ ನಾವು ಬಾಡಿಗೆಗೆ ಬಂದೆವು. ನಾನು ಹೈಸ್ಕೂಲಿನಲ್ಲಿ ಟೀಚರು. ನನ್ನ ಗಂಡ ಸಕ್ಕರೆ ಕಾರ್ಖಾನೆಯ ನೌಕರಿಗೆ ದಿನಾ ಹೋಗಿ ಬರುವವರು. ಜೊತೆಗೆ ರಾಮದುರ್ಗದಿಂದ ಬಂದ ನಮ್ಮ ಅತ್ತೆ, ಮತ್ತು ನಾಲ್ಕು ತುಂಬಿದ ಮಗಳು ಸಾನ್ವಿ. ಕಾಕಾ ಮೊದಲ ದಿನವೇ ಆ ಹೆಸರನ್ನು ತಿದ್ದಿ ಸಾನವ್ವ ಮಾಡಿದರು. ಅವಳೂ ಆ ಹೆಸರಿಗೇ ಓಗೊಡತೊಡಗಿದಳು.

ಸಾನವ್ವ ಉಣ್ಣುತ್ತಿರಲಿಲ್ಲ. ಇದನ್ನು ಹೇಗೆ ಹೇಳಲಿ! ಮಕ್ಕಳು ಉಣ್ಣುವುದಿಲ್ಲ ಎಂದು ಎಲ್ಲ ತಾಯಂದಿರೂ ಅನ್ನುತ್ತಾರೆ, ಆದರೆ ಇವಳು ನಿಜಕ್ಕೂ ಉಣ್ಣುತ್ತಿರಲಿಲ್ಲ. ಪಲ್ಯ ರೊಟ್ಟಿಗೆ ತಾಗಿದರೆ ಆ ತಟ್ಟೆಯೇ ಬೇಡ. ಬೇಳೆಯಲ್ಲಿ ಸಾಸಿವೆ ಕಂಡರೆ ಬೇಡ. ಬಾಯಿಗಿಟ್ಟ ತುತ್ತನ್ನು ಒಂದು ಗಲ್ಲದಲ್ಲಿ ಒತ್ತಿಟ್ಟುಕೊಂಡು ಅರ್ಧ ಗಂಟೆ ಕುಳಿತುಬಿಡುವಳು. ಹಾಲು ಕುಡಿಯುವಳು, ಬಿಸ್ಕೀಟು ತಿನ್ನುವಳು, ಅಷ್ಟೇ. ಅಂಗಿ ತೊಡಿಸುವಾಗ ಅವಳ ಬೆನ್ನಿನ ಎಲುಬು ಕೈಗೆ ಹತ್ತುತ್ತಿತ್ತು. ಜ್ವರ ಬಂದರೆ ಹದಿನೈದು ದಿನ ಏಳುತ್ತಿರಲಿಲ್ಲ. ಅತ್ತೆ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದು ತೆಗೆದು ಬೇಸತ್ತರು. ನಾನು ತಟ್ಟೆ ಹಿಡಿದು ಅವಳ ಹಿಂದೆ ಓಣಿಯ ತುದಿಯವರೆಗೂ ಓಡುತ್ತಿದ್ದೆ.

ಹಾಗೆ ಓಡುತ್ತಿದ್ದಾಗಲೇ ಕಾಕಾ ನೋಡಿದರು. ಕಟ್ಟೆಯ ಮೇಲಿಂದ ಎದ್ದವರೇ ಎದೆ ತಟ್ಟಿಕೊಂಡರು.

“ಹಲೋ, ಹಲೋ! ಒಂದ ಕಡೆ ನಮ್ಮ ಓಣಿ ಪೈಲವಾನ ಸಾನವ್ವ! ಇನ್ನೊಂದ ಕಡೆ ಜ್ವಾಳದ ರೊಟ್ಟಿ! ಕೈ ಕೂಡಿದ್ವ್ರೀ! ಸಾನವ್ವ ಬಾಯಿ ತಗೀತಾಳೋ, ಇಲ್ಲಾ ರೊಟ್ಟಿ ಆಕಿನ್ನ ಕೆಡವತೈತೋ!”

ಸಾನವ್ವ ಬೆರಗಾಗಿ ಬಾಯಿ ತೆರೆದಳು. ನಾನು ತುತ್ತು ಇಟ್ಟುಬಿಟ್ಟೆ. ಅಗಿದಳು, ನುಂಗಿದಳು! ಕಾಕಾ ಮತ್ತೆ ಕೂಗಿದರು, ಅವಳು ಮತ್ತೆ ಬಾಯಿ ತೆರೆದಳು. ನನಗೆ ಕುಣಿಯುವುದೊಂದೇ ಬಾಕಿ. ಅವತ್ತು ಅರ್ಧ ರೊಟ್ಟಿ ಹೋಯಿತು. ಅತ್ತೆ ಕಾಕಾನಿಗೆ ಸಕ್ಕರೆ ಕೊಟ್ಟು ಬಾಯಿ ಸಿಹಿ ಮಾಡಿದರು.

ಅಲ್ಲಿಂದ ಮುಂದೆ ನಡೆದದ್ದು ನಮ್ಮ ಕಡೆಯ ಮಂದಿಗೆ ಮಾತ್ರ ಹೊಳೆಯುವ ಕೆಲಸ. ದಿನಾ ಸಂಜೆ ನಮ್ಮ ಪಡಸಾಲೆ ಕುಸ್ತಿಯ ಮೈದಾನವಾಯಿತು. ಮಧ್ಯದಲ್ಲಿ ಸಾನವ್ವ ಮತ್ತು ತಟ್ಟೆ. ಸುತ್ತ ಓಣಿಯ ಹೆಂಗಸರು, ಹಿಂದೆ ಬಾಗಿಲಿನವರೆಗೆ ಗಂಡಸರು. ಒಂದು ತುತ್ತು ಇಳಿದರೆ ಚಪ್ಪಾಳೆ. ಎದುರುಮನೆಯ ಮಾಸ್ತರರು ಮನೆಯೊಳಗಿನ ತಗಡಿನ ಡಬ್ಬಿಯನ್ನೇ ಹಲಗೆಯಂತೆ ಬಾರಿಸುವರು. ಪಲ್ಯ ಬಂದರೆ ಕಾಕಾ ಅದಕ್ಕೆ ಸವದತ್ತಿಯ ಪೈಲವಾನನೆಂದು ಹೆಸರಿಡುವರು, ಬೇಳೆಗೆ ಕಿತ್ತೂರಿನ ಪೈಲವಾನನೆಂದು. ನಾನೂ ನಗುನಗುತ್ತ ಬಡಿಸುತ್ತಿದ್ದೆ. ಮಗಳು ಉಣ್ಣುತ್ತಿದ್ದಾಳಲ್ಲ, ಇನ್ನೇನು ಬೇಕು!

ಒಂದು ಸಂಜೆ ಕಾಕಾ ಬಹುಮಾನವನ್ನೇ ಸಾರಿದರು. ಇಡೀ ರೊಟ್ಟಿ ಮುಗಿಸಿದರೆ ಬೆಳ್ಳಿ ಕಡಗ, ಗೆದ್ದ ಪೈಲವಾನರಿಗೆ ತೊಡಿಸುವಂಥದು, ಅವಳ ಕೈಗೆ ತಕ್ಕಷ್ಟು ಸಣ್ಣದು. ನಿಜವಾಗಿಯೂ ಮಾಡಿಸಿಕೊಂಡು ಬಂದಿದ್ದರು. ಪಡಸಾಲೆ ತುಂಬಿತ್ತು. ಸಾನವ್ವ ಎಲ್ಲರ ಮುಖ ನೋಡುತ್ತ ತಿಂದಳು, ತಿಂದಳು, ಕೊನೆಯ ತುತ್ತನ್ನೂ ನುಂಗಿದಳು. ಕಾಕಾ ಅವಳ ಕೈ ಎತ್ತಿ ಹಿಡಿದು, ಎದುರಾಳಿಯ ಬೆನ್ನು ಮಣ್ಣಿಗೆ ಹತ್ತಿದಾಗ ಕೂಗುವಂತೆ “ಚಿತ್!” ಎಂದು ಕೂಗಿದರು. ಆ ಚಪ್ಪಾಳೆಯ ನಡುವೆಯೇ ಅವಳು ತಿಂದದ್ದನ್ನೆಲ್ಲ ಕಕ್ಕಿದಳು.

ಮರುದಿನದಿಂದ ತಟ್ಟೆ ಕಂಡರೆ ಸಾಕು, ಬಾಯಿ ಬಿಗಿಹಿಡಿದು ಬಾಗಿಲ ಹಿಂದೆ ನಿಲ್ಲತೊಡಗಿದಳು. ಕಾಕಾ ಎದೆ ತಟ್ಟಿದರೆ ಕಿವಿ ಮುಚ್ಚಿಕೊಂಡಳು. ಕಡಗವನ್ನು ಕೈಗೆ ಹಾಕಿಸಿಕೊಳ್ಳಲಿಲ್ಲ. ಇದ್ದ ತೂಕವೂ ಇಳಿಯಿತು. ನನಗೆ ದಿಕ್ಕೇ ತೋಚದಾಯಿತು.

ಮಕ್ಕಳ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಾಗ ಕಾಕಾನೂ ಬೆನ್ನು ಹತ್ತಿದರು. ಡಾಕ್ಟರು ನಮ್ಮ ಸೀಮೆಯವರೇ, ನನ್ನ ವಾರಿಗೆಯ ಹೆಣ್ಣುಮಗಳು. ತೂಕ ನೋಡಿದರು, ರಕ್ತ ತಪಾಸಿಸಿದರು, ನಮ್ಮ ಪಡಸಾಲೆಯ ಕತೆಯನ್ನು ಕೊನೆಯವರೆಗೂ ಕೇಳಿದರು. ರೋಗವೇನೂ ಇಲ್ಲ, ಆದರೆ ಮುಂದಿನ ಸಲ ಬರುವಾಗಲೂ ತೂಕ ಇಳಿದಿದ್ದರೆ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಯಬೇಕಾಗುತ್ತದೆ ಎಂದರು. ಆಮೇಲೆ ಕಾಕಾನ ಕಡೆ ತಿರುಗಿದರು.

“ನೀವ ಉಣ್ಣು ಮುಂದ ಇಪ್ಪತ್ತ ಮಂದಿ ನಿಮ್ಮ ಬಾಯಿ ನೋಡಕೋತ ಕುಂತ್ರ ನಿಮಗ ರೊಟ್ಟಿ ಇಳೀತೈತೇನ್ರಿ ಕಾಕಾ?”

“ಇಳೀತೈತ್ರಿ,” ಎಂದರು ಕಾಕಾ. “ಎರಡ ಹೆಚ್ಚಿಗೇನ ಇಳೀತಾವು.”

ಡಾಕ್ಟರಿಗೂ ನಗು ತಡೆಯಲಿಲ್ಲ. “ನಿಮಗ ಇಳೀತಾವ್ರಿ. ಆಕಿಗೆ ಇಳಿಯಂಗಿಲ್ಲ. ಏನ ಬಡಸೂದು, ಯಾವಾಗ ಬಡಸೂದು, ಅಷ್ಟ ನಿಮ್ಮ ಕೆಲಸ. ಎಷ್ಟ ತಿನ್ನೂದು ಅನ್ನೂದನ್ನ ಆಕಿಗೆ ಬಿಡ್ರಿ. ನಡುನಡುವ ಹಾಲು, ಬಿಸ್ಕೀಟ ಕೊಟ್ಟ ಹಸಿವು ಕೊಲ್ಲಬ್ಯಾಡ್ರಿ. ಸ್ವಲ್ಪನ ಬಡಸ್ರಿ, ಅದರಾಗ ತುಪ್ಪ ಹಾಕ್ರಿ, ಶೇಂಗಾ ಚಟ್ನಿ ಹಾಕ್ರಿ. ಎಲ್ಲಾರೂ ಕೂಡಿ ಕುಂತ ಉಣ್ರಿ. ಆದ್ರ ಆಕಿ ತಟ್ಟಿ ಬಗ್ಗೆ ಒಂದ ಮಾತ ಆಡಬ್ಯಾಡ್ರಿ. ಹೊಗಳೂದೂ ಬ್ಯಾಡ, ಬೈಯೂದೂ ಬ್ಯಾಡ.”

ಹೊರಗೆ ಬಂದ ಮೇಲೆ ಕಾಕಾ ಬಹಳ ಹೊತ್ತು ಚಪ್ಪಲಿ ಹುಡುಕುತ್ತ ನಿಂತರು. ಚಪ್ಪಲಿ ಕಾಲಲ್ಲೇ ಇತ್ತು.

“ನಾ ಬರಬಾರದಾ,” ಎಂದು ಕೇಳಿದರು, “ಇಲ್ಲಾ ಮಾತಾಡಬಾರದಾ?”

“ಮಾತಾಡಬಾರದ್ರಿ ಕಾಕಾ, ಅಷ್ಟ.”

“ಹಂಗಾರ ಬರ್ತೇನಿ.”

ಮತ್ತೆ ಬಂದೇ ಬಂದರು! ಸಾನವ್ವ ಅಂಗನವಾಡಿಯಿಂದ ಮನೆಗೆ ಬರುವ ಹೊತ್ತಿಗೆ ಅಂಗಡಿಗೆ ಬೀಗ ಹಾಕಿ, ತಮ್ಮ ಬುತ್ತಿಯನ್ನು ಅರಿವೆಯಲ್ಲಿ ಕಟ್ಟಿಕೊಂಡು ನಮ್ಮ ಮನೆಗೆ ಬರುವರು. ಅವಳ ಎದುರಿಗೆ ಚಾಪೆಯ ಮೇಲೆ ಕೂಡುವರು. ಬುತ್ತಿ ಬಿಚ್ಚಿ ತಮ್ಮ ರೊಟ್ಟಿ ತಾವು ತಿನ್ನುವರು. ಒಂದು ಮಾತಿಲ್ಲ. ನಾಲ್ಕು ತಾಲೂಕಿಗೆ ಕೇಳುವ ಬಾಯಿ ನಮ್ಮ ಪಡಸಾಲೆಯಲ್ಲಿ ಬರೀ ಅಗಿಯುತ್ತಿತ್ತು. ಮಾತು ನುಗ್ಗಿ ಬಂದಾಗಲೆಲ್ಲ ದೊಡ್ಡದೊಂದು ತುತ್ತನ್ನು ಅಡ್ಡ ಇಟ್ಟುಬಿಡುವರು. ಆದರೂ ಕಾಲಿನ ಹೆಬ್ಬೆರಳು ಕುಣಿಯುವುದು, ಹುಬ್ಬು ಏರುವುದು, ಇಳಿಯುವುದು. ಅವರನ್ನು ನೋಡಿದರೆ ನನಗೆ ನಗುವೂ ಬರುತ್ತಿತ್ತು, ಪಾಪವೂ ಅನಿಸುತ್ತಿತ್ತು. ಶಾಲೆಯ ಬಿಡುವಿನಲ್ಲಿ ಮನೆಗೆ ಓಡಿ ಬಂದು ನಾನೂ ಕೂಡುತ್ತಿದ್ದೆ.

ಸೋತವರು ನಮ್ಮ ಅತ್ತೆ. ಹಾಲು, ಬಿಸ್ಕೀಟು ನಿಂತದ್ದಕ್ಕೆ ಮೊಮ್ಮಗಳು ಅತ್ತರೆ ಅವರ ಕೈ ತಾನಾಗಿಯೇ ಡಬ್ಬಿಗೆ ಹೋಗುತ್ತಿತ್ತು. ಕಾಕಾ ಒಂದು ದಿನ ಆ ಡಬ್ಬಿಯನ್ನೇ ಎತ್ತಿಕೊಂಡು ಅಂಗಡಿಗೆ ಒಯ್ದರು. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಚಹಾದ ಜೊತೆ ಬಿಸ್ಕೀಟು ಸಿಕ್ಕಿತಂತೆ.

ಕಾಕು ಗಾಬರಿಯಾಗಿ ಬಂದರು. “ನಿಮ್ಮ ಮನ್ಯಾಗ ಇವರಿಗೆ ಏನ ಮಾಡೀರಿ? ಉಂಡ ಬಂದ ಕೂಡ್ಲೇ ಬಾಗಲಾ ಹಾಕ್ಕೊಂಡ ನನ್ನ ಮುಂದ ಕುಂತ, ಸಾನವ್ವ ರೊಟ್ಟಿ ಮುರದ್ಲು, ಸಾನವ್ವ ರೊಟ್ಟಿ ಮೂಸಿ ನೋಡಿದ್ಲು ಅಂತ ಪೂರಾ ಊಟ ಹೇಳ್ತಾರ. ನನ್ನ ಕಿವಿ ಹೋಗೂದೊಂದ ಬಾಕಿ ಐತಿ.”

ಸಾನವ್ವ ಮೊದಮೊದಲು ಮುಟ್ಟುತ್ತಲೇ ಇರಲಿಲ್ಲ. ಎರಡು ಚೂರು ಮುರಿದು, ಬಿಟ್ಟು, ಎದ್ದು ಹೋಗುವಳು. ನಾವು ಯಾರೂ ತಡೆಯುತ್ತಿರಲಿಲ್ಲ. ಆ ಬಿಟ್ಟ ತಟ್ಟೆ ಎತ್ತುವಾಗ ಬೆಳಗಾವಿಯ ಚೀಟಿ ಕಣ್ಣ ಮುಂದೆ ಬರುತ್ತಿತ್ತು. ಕಾಕಾ ಮಾತ್ರ ತಪ್ಪದೆ ಬಂದರು. ಒಂದು ಮಧ್ಯಾಹ್ನ ಅವಳಿಗೆ ಈ ಮೌನ ಸಾಕಾಯಿತು.

“ಅಜ್ಜಾ, ಮಾತಾಡು,” ಎಂದಳು.

ಕಾಕಾ ತಲೆ ಅಲ್ಲಾಡಿಸಿದರು.

“ಬಾಯಾಗ ಹುಣ್ಣ ಆಗೇತೇನು?”

ಕಾಕಾ ಹೌದೆಂದು ಗೋಣು ಹಾಕಿದರು. ಅವಳು ತನ್ನ ಎಲುಬು ಕಾಣುವ ಎದೆಯನ್ನು ಎಡಗೈಯಿಂದ ತಟ್ಟಿಕೊಂಡಳು.

“ಹಲೋ, ಹಲೋ. ಅಜ್ಜ ರೊಟ್ಟಿ ಹರದ್ನ್ರೀ! ಚಟ್ನ್ಯಾಗ ಅದ್ದಿದ್ನ್ರೀ! ಬಾಯಿ ತಗದ್ನ್ರೀ! ಹೋತೋ ಹೋತೋ, ಹೋತು!”

ನಾನು ಅಡುಗೆಮನೆಗೆ ಓಡಿ ಹೋಗಿ ಸೆರಗು ಬಾಯಿಗೆ ತುರುಕಿಕೊಂಡೆ. ಕಾಕಾನ ಕಣ್ಣು ನೋಡಬೇಕಿತ್ತು, ಇಷ್ಟಗಲ! ಆದರೂ ಅವರು ತುಟಿ ಬಿಚ್ಚಲಿಲ್ಲ, ತಮ್ಮ ಪಾಡಿಗೆ ತಾವು ಉಂಡರು. ದಿನಾ ಹೀಗೇ ನಡೆಯಿತು. ಉಣ್ಣುವ ಪೈಲವಾನ ಕಾಕಾ, ಮೈಕು ಸಾನವ್ವನದು. ಕಾಮೆಂಟ್ರಿ ಹೇಳುವವರಿಗೆ ಒಂದು ಕಷ್ಟ ಇದೆ, ಎಲ್ಲ ಗೊತ್ತಿರಬೇಕು. “ಅಜ್ಜಾ, ಅದ ಖಾರ ಐತೇನು?” ಎಂದು ಕೇಳುವಳು. ಅಜ್ಜ ಇನ್ನೊಂದು ತುತ್ತು ಬಾಯಿಗಿಡುವರು. ಆಗ ತಾನೇ ಬೆರಳು ಅದ್ದಿ ನೆಕ್ಕುವಳು. “ಖಾರ ಐತ್ರೀ! ಅಜ್ಜನ ಮೂಗ ಸೋರಾಕತ್ತೇತ್ರೀ!” ಮೊಸರು ಹುಳಿ ಇದೆಯೇ, ಬದನೆಕಾಯಿ ಮೆತ್ತಗಿದೆಯೇ, ಅಗಸಿ ಚಟ್ನಿ ಏಕೆ ಕಪ್ಪು, ಯಾವುದಕ್ಕೂ ಅವರು ಬಾಯಿ ಬಿಡರು. ಬಾಯಿ ಬಿಡದವರ ಎದುರು ಅವಳಿಗೆ ಬೇರೆ ದಾರಿ ಇರಲಿಲ್ಲ, ಒಂದೊಂದನ್ನೂ ತಾನೇ ತಿಂದು ನೋಡಬೇಕಾಯಿತು. ಹಾಗೆ ನೋಡುತ್ತ ನೋಡುತ್ತ ಪಲ್ಯ ರೊಟ್ಟಿಗೆ ತಾಗುವುದನ್ನು ಅವಳು ಮರೆತಳು.

ಡಾಕ್ಟರರ ಹತ್ತಿರ ಮತ್ತೆ ಹೋದಾಗ ತೂಕ ಇಳಿದಿರಲಿಲ್ಲ. ಏರಿಯೂ ಇರಲಿಲ್ಲ. ಪಂಚಮಿ ಮುಗಿಸಿ ಬರ್ರಿ, ಆಮೇಲೆ ಚೀಟಿಯ ಮಾತು ಎಂದರು.

ನಮ್ಮ ಕಡೆ ನಾಗರ ಪಂಚಮಿಯ ಹಿಂದಿನ ದಿನ ರೊಟ್ಟಿ ಪಂಚಮಿ. ಪ್ರತಿ ಮನೆಯಲ್ಲೂ ರೊಟ್ಟಿ, ಬಗೆಬಗೆಯ ಪಲ್ಯ, ಚಟ್ನಿ ಮಾಡಿ, ತಟ್ಟೆ ತುಂಬಿ, ಮೇಲೆ ಅರಿವೆ ಹೊದಿಸಿ ಮನೆಮನೆಗೂ ಕೊಟ್ಟು ಬರುತ್ತೇವೆ. ಕೊಟ್ಟಷ್ಟೇ ತಟ್ಟೆಗಳು ನಮ್ಮ ಮನೆಗೂ ಬರುತ್ತವೆ. ಅವತ್ತು ಮಧ್ಯಾಹ್ನದ ಹೊತ್ತಿಗೆ ಪಡಸಾಲೆಯ ತುಂಬ ತಟ್ಟೆಗಳು. ನನ್ನ ಗಂಡನಿಗೂ ರಜೆ, ಎಲ್ಲರೂ ಸುತ್ತುಗಟ್ಟಿ ಕುಳಿತೆವು. ಕಾಕಾ ತಮ್ಮ ಜಾಗದಲ್ಲಿ, ಸಾನವ್ವ ಎದುರಿಗೆ.

ಅವಳು ಎದೆ ತಟ್ಟಿ ಶುರು ಮಾಡಿದಳು. “ಮಾಸ್ತರ ಮನಿ ತಟ್ಟಿ ಬಂತ್ರೀ! ಸಜ್ಜಿ ರೊಟ್ಟಿ ಬಂತ್ರೀ, ಮೈತುಂಬ ಎಳ್ಳ ಹಚಗೊಂಡ ಬಂತ್ರೀ!” ಕಾಕಾ ಒಂದು ಸಜ್ಜೆ ರೊಟ್ಟಿ ಎತ್ತಿ ಕಟ್ ಎಂದು ಮುರಿದರು. ಆ ಸದ್ದು ಅವಳಿಗೆ ಹಿಡಿಸಿತು. ತಾನೂ ಒಂದು ಎತ್ತಿ ಕಟ್ ಎಂದು ಮುರಿದಳು. ಬಾಯಿಗಿಟ್ಟಳು. ಮತ್ತೆ ಮುರಿದಳು, ಈ ಸಲ ಹೆಸರುಕಾಳಿನ ಪಲ್ಯ ಎತ್ತಿಕೊಂಡಳು. ಬಾಯಿ ತುಂಬಿ ಕಾಮೆಂಟ್ರಿ ನಿಂತುಹೋಯಿತು. ಪಡಸಾಲೆಯಲ್ಲಿ ಕಟ್ ಕಟ್ ಸದ್ದು ಬಿಟ್ಟರೆ ಬೇರೇನಿಲ್ಲ. ನಾವು ಯಾರೂ ಅವಳ ತಟ್ಟೆಯನ್ನು ನೋಡುತ್ತಿರಲಿಲ್ಲ, ಅಂದರೆ ಎಲ್ಲರೂ ಅದನ್ನೇ ನೋಡುತ್ತಿದ್ದೆವು, ಓರೆಗಣ್ಣಿನಲ್ಲಿ. ಕೊನೆಯ ಚೂರನ್ನು ಮೊಸರಿನಲ್ಲಿ ಅದ್ದಿ ತಿಂದು, ಬೆರಳು ನೆಕ್ಕಿ, ತಲೆ ಎತ್ತಿದಳು.

“ಅವ್ವಾ, ಇನ್ನೊಂದ ಹಾಕು.”

ದೇವರೇ! ಹುಟ್ಟಿದಾಗಿನಿಂದ ಆ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಅತ್ತೆ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ನನ್ನ ಗಂಡ ಗೋಡೆಯ ಕ್ಯಾಲೆಂಡರು ಓದತೊಡಗಿದರು. ನಾನು ಏನೂ ಆಗದವಳಂತೆ ಒಂದು ರೊಟ್ಟಿ ಎತ್ತಿ ಅವಳ ತಟ್ಟೆಗೆ ಹಾಕಿದೆ. ಕಾಕಾನ ಮುಖ ಕೆಂಪಗಾಯಿತು, ಕೊರಳ ನರ ಉಬ್ಬಿದವು, ತುಟಿ ಇನ್ನೇನು ಬಿಚ್ಚಬೇಕು, ಅಷ್ಟರಲ್ಲಿ ಅವರು ತಟ್ಟೆಯಲ್ಲಿದ್ದ ಹಸಿಮೆಣಸಿನಕಾಯಿಯನ್ನು ತೊಟ್ಟಿನವರೆಗೂ ಕಚ್ಚಿಬಿಟ್ಟರು. ಕಣ್ಣಲ್ಲಿ ಧಾರೆಧಾರೆಯಾಗಿ ನೀರು ಇಳಿಯಿತು.

“ಅಜ್ಜ ಮೆಣಸಿನಕಾಯಿ ತಿಂದ್ನ್ರೀ!” ಎಂದಳು ಸಾನವ್ವ, ರೊಟ್ಟಿ ಮುರಿಯುತ್ತ. “ಅಜ್ಜ ಅಳಾಕತ್ತಾನ್ರೀ!”

ಕಾಕಾ ಎದ್ದರು. ಬುತ್ತಿಯ ಅರಿವೆಯನ್ನು ಅಲ್ಲೇ ಬಿಟ್ಟು, ಕೈ ಕೂಡ ತೊಳೆಯದೆ ಹೊರಗೆ ನಡೆದುಬಿಟ್ಟರು.

ಮರುದಿನ ಪಂಚಮಿ. ಚಚಡಿಯ ಆಚೆ ಒಂದು ಹಳ್ಳಿಯಲ್ಲಿ ಕುಸ್ತಿ ಇತ್ತು. ಕಾಕಾನನ್ನು ನನ್ನ ಗಂಡನೇ ಮೋಟಾರ್ ಸೈಕಲ್ಲಿನ ಮೇಲೆ ಕರೆದುಕೊಂಡು ಹೋಗಿದ್ದರು. ಇಲ್ಲಿ ನಮ್ಮ ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು. ನಾನು ಸಾನವ್ವನನ್ನು ತೂಗುತ್ತ ನಿಂತಿದ್ದೆ. ಫೋನು ಬಂತು.

“ಏನೂ ಮಾತಾಡಬ್ಯಾಡ, ಬರೇ ಕೇಳು,” ಎಂದು ನನ್ನ ಗಂಡ ಫೋನನ್ನು ಮೇಲೆ ಎತ್ತಿ ಹಿಡಿದರು. ಮೈಕಿನ ಗರಗರ ಸದ್ದು. ಆಮೇಲೆ ಕಾಕಾ!

“ಮುಂದಿನ ಜೋಡ ಬಿಡೂಕಿಂತ ಮೊದಲ ಒಂದ ಸುದ್ದಿ ಕೇಳ್ರೆಪಾ! ನಿನ್ನೆ ಮಧ್ಯಾಹ್ನ ಬೈಲಹೊಂಗಲದಾಗ ಒಂದ ನಿಕಾಲಿ ಕುಸ್ತಿ ಆಗೇತಿ, ಒಬ್ಬರು ಬೀಳೂತನಕಾ ಬಿಡದ ಕುಸ್ತಿ! ಪೈಲವಾನ ನನ್ನ ಸೊಂಟಕ್ಕ ಬರಂಗಿಲ್ಲ! ಎದುರಿಗೆ ಇದ್ದಾಂವ ಯಾರಂದ್ರ, ಕಟಕ ಸಜ್ಜಿ ರೊಟ್ಟಿ! ರೊಟ್ಟಿ ಚಿತ್ ಆತ್ರೆಪಾ! ಚಿತ್ ಆದ ಮ್ಯಾಗ ಪೈಲವಾನ ಕೈ ಝಾಡಿಸಿಕೊಂಡ ಮನಿಗೆ ಹೋದ್ಲೇನು? ಇಲ್ಲ! ಇನ್ನೊಂದ ಜೋಡ ತರ್ರಿ ಅಂದ್ಲು! ಹೆಸರ ಕೇಳಬ್ಯಾಡ್ರಿ, ಹೇಳಂಗಿಲ್ಲ, ಡಾಕ್ಟರ ಬ್ಯಾಡ ಅಂದಾರ! ಹೊಡೀರೆಪಾ ಚಪ್ಪಾಳಿ!”

ಯಾರ ಸುದ್ದಿ, ಯಾವ ಪೈಲವಾನ ಎಂದು ಒಬ್ಬರಿಗೂ ಗೊತ್ತಿಲ್ಲದ ಆ ಮೈದಾನದ ಮಂದಿಯೆಲ್ಲ ಕೇಕೆ ಹಾಕಿ, ಸೀಟಿ ಹೊಡೆದು, ಹಲಗೆ ಬಾರಿಸಿದರು. ನನ್ನ ಕಿವಿ ತುಂಬಿತು, ಕಣ್ಣೂ ತುಂಬಿತು.

“ಯಾರ ಗೆದ್ರವ್ವಾ?” ಎಂದಳು ಸಾನವ್ವ, ಜೋಕಾಲಿಯ ಮೇಲಿಂದ.

“ನಮ್ಮ ಊರವರು,” ಎಂದೆ.

ಅವಳು ಕಾಲು ನೆಲಕ್ಕೆ ಊರಿ ಜೋಕಾಲಿ ನಿಲ್ಲಿಸಿದಳು. “ಅವ್ವಾ, ನನಗ ಹಸಿವಾಗೇತಿ.”

ನಾನು ಅವಳನ್ನು ಇಳಿಸಿಕೊಂಡೆ. ತಟ್ಟೆ ಹಾಕಲು ಮನೆಗೆ ಓಡಿದೆ. ಫೋನು ಕೈಯಲ್ಲೇ ಇತ್ತು, ಅದರೊಳಗೆ ಕಾಕಾ ಇನ್ನೂ ಕೂಗುತ್ತಲೇ ಇದ್ದರು.